ಕಂದಾಯ ಕೇಳುವ ಬಗೆ

ಏಪ್ರಿಲ್ ಹೊತ್ತಿಗೆ ಕೊಡಗಿನ ಮಾದಾಪುರದ ಕಣಗಳು ಖಾಲಿಯಾಗಿರುತ್ತವೆ. ರೊಬಸ್ಟಾ ಕುಯ್ಲು ಮುಗಿದು, ಒಣಗಿದ ಚೆರಿ ಗೋಣಿಚೀಲ ಸೇರಿ, ವ್ಯಾಪಾರಿಯ ಲಾರಿ ಸುಂಟಿಕೊಪ್ಪದ ದಾರಿ ಹಿಡಿದಾಗಿರುತ್ತದೆ. ವರ್ಷಕ್ಕೊಮ್ಮೆ ದುಡ್ಡಿನ ಮುಖ ಕಾಣುವ ಊರಿನಲ್ಲಿ ಆ ಮುಖ ಇನ್ನೂ ಮಾಸದ ಕಾಲ ಅದು. ಪಂಚಾಯಿತಿಯ ಕರವಸೂಲಿಗಾರ ಆಗ ಬಂದರೆ ಮಾತು ಸಲೀಸು.

'ಅಣ್ಣ, ಮನೆ ಕಂದಾಯ ಇತ್ತಲ್ಲ...'

'ಕೂತ್ಕೊಳ್ಳಿ, ಕಾಫಿ ಕುಡೀರಿ ಮೊದಲು. ಎಷ್ಟಾಯ್ತು?'

ಅದೇ ಮನುಷ್ಯ ಜುಲೈಯಲ್ಲಿ ಬರಲಿ. ಹೊರಗೆ ಜಡಿಮಳೆ, ಮೂರು ದಿನದಿಂದ ಕರೆಂಟಿಲ್ಲ, ಮಕ್ಕಳ ಫೀಸು ಕಟ್ಟಿ ಕೈ ಬರಿದಾಗಿದೆ, ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬೆಳೆಯುತ್ತಿದೆ. ಆಗ ಅದೇ ಜಗಲಿಯಿಂದ ಬರುವ ಉತ್ತರ: 'ಮಳೆ ಒಂದು ನಿಲ್ಲಲಿ, ನೋಡುವ.' ಮನೆ ಅದೇ, ಮೊತ್ತ ಅದೇ, ಕೇಳುವವನೂ ಕೊಡುವವನೂ ಅವರೇ. ತಿಂಗಳು ಮಾತ್ರ ಬೇರೆ.

ಲೆಕ್ಕದ ಪುಸ್ತಕದಲ್ಲಿ ಈ ವ್ಯತ್ಯಾಸಕ್ಕೆ ಜಾಗವಿಲ್ಲ. ಐನೂರು ರೂಪಾಯಿ ಏಪ್ರಿಲ್‌ನಲ್ಲೂ ಐನೂರೇ, ಜುಲೈಯಲ್ಲೂ ಐನೂರೇ. ಆದರೆ ಜೇಬಿನೊಳಗಿನ ಐನೂರಕ್ಕೂ ಸಾಲ ಮಾಡಿ ತರಬೇಕಾದ ಐನೂರಕ್ಕೂ ಮನಸ್ಸು ಬೇರೆ ಬೇರೆ ತೂಕ ಕಟ್ಟುತ್ತದೆ. ಈ ತೂಕದ ವ್ಯತ್ಯಾಸವನ್ನೇ ಓದಿನ ವಿಷಯವಾಗಿಸಿಕೊಂಡದ್ದು ವರ್ತನಾ ಅರ್ಥಶಾಸ್ತ್ರ. ಡೇನಿಯಲ್ ಕಾಹ್ನೆಮನ್‌ಗೆ 2002ರಲ್ಲಿ, ರಿಚರ್ಡ್ ಥೇಲರ್‌ಗೆ 2017ರಲ್ಲಿ ನೊಬೆಲ್ ಬಂದ ಮೇಲೆ ಅದು ಸರ್ಕಾರಿ ಕಚೇರಿಗಳ ಒಳಗೂ ಕಾಲಿಟ್ಟಿದೆ. ತೆರಿಗೆ ಎಷ್ಟಿರಬೇಕು ಎಂಬುದರ ಜೊತೆಗೆ ಅದನ್ನು ಯಾವಾಗ, ಯಾವ ಮಾತಿನಲ್ಲಿ, ಯಾವ ರೂಪದಲ್ಲಿ ಕೇಳಬೇಕು ಎಂಬುದೂ ಈಗ ನೀತಿಯ ಪ್ರಶ್ನೆ. ಕೊಡಗಿನ ಸುತ್ತಮುತ್ತಲಿನವರಿಗೆ ಇದು ಹೊಸ ಪಾಠವೇನಲ್ಲ. ಸುಮಾರು ಇನ್ನೂರು ವರ್ಷದ ಹಿಂದೆಯೇ ಈ ಪಾಠಕ್ಕೆ ಇಲ್ಲಿ ರಕ್ತದ ಬೆಲೆ ತೆರಲಾಗಿದೆ.

ಭತ್ತ ಹೋಗಿ ನಗದು ಬಂತು

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಅರಸರ ಆಳ್ವಿಕೆಗೆ ಸೇರಿದ್ದ ಘಟ್ಟದ ಕೆಳಗಿನ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿತು. ಅರಸರ ಕಾಲದಲ್ಲಿ ಅಲ್ಲಿನ ರೈತರು ಕಂದಾಯವನ್ನು ಬೆಳೆಯ ರೂಪದಲ್ಲಿ ಸಲ್ಲಿಸುತ್ತಿದ್ದರು. ಕಂಪನಿ ನಗದು ಕೇಳಿತು.

ದೂರದ ಕಚೇರಿಯಲ್ಲಿ ಕುಳಿತ ಅಧಿಕಾರಿಗೆ ಇದು ಬರೀ ಲೆಕ್ಕದ ಅನುಕೂಲ. ಭತ್ತವನ್ನು ಅಳೆಯಬೇಕು, ಸಾಗಿಸಬೇಕು, ಕಾಯಬೇಕು, ನಾಣ್ಯವನ್ನು ಎಣಿಸಿದರಾಯಿತು. ರೈತನಿಗೆ ಹಾಗಲ್ಲ. ಕಣದಲ್ಲಿ ರಾಶಿಯಾದ ಭತ್ತದಿಂದ ಅಳೆದು ಕೊಡುವಾಗ ಅದು ಮನೆಗೆ ಬರುವ ಮೊದಲೇ ಹೋದ ಪಾಲು. ಮನಸ್ಸು ಅದನ್ನು ತನ್ನದೆಂದು ಎಣಿಸಿಕೊಂಡೇ ಇರುವುದಿಲ್ಲ. ನಗದಾದರೆ ಮೊದಲು ಮಾರಬೇಕು. ಎಲ್ಲರೂ ಮಾರುವ ಸುಗ್ಗಿಯಲ್ಲೇ ಮಾರಬೇಕು. ವ್ಯಾಪಾರಿ ಹೇಳಿದ ಬೆಲೆಗೆ ತಲೆಯಾಡಿಸಬೇಕು. ಸಾಲದಿದ್ದರೆ ಸಾಹುಕಾರನ ಬಾಗಿಲಿಗೆ ಹೋಗಬೇಕು. ಹೀಗೆ ಕೈಗೆ ಬಂದ ದುಡ್ಡನ್ನು ಎಣಿಸಿ ಬೇರೆಯವನ ಕೈಗಿಡುವಾಗ ಅದು ಪಾಲಲ್ಲ, ನಷ್ಟ. ಕಾಹ್ನೆಮನ್ ಮತ್ತು ಅಮೋಸ್ ಟ್ವೆರ್‌ಸ್ಕಿ 1979ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ತಿರುಳು ಇದೇ: ಗಳಿಸಿದ ಸಂತೋಷಕ್ಕಿಂತ ಅಷ್ಟನ್ನೇ ಕಳೆದುಕೊಂಡ ನೋವು ದೊಡ್ಡದು.

ಮುಂದಿನದು ಇತಿಹಾಸ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರ ನಾಯಕತ್ವದಲ್ಲಿ ಸುಳ್ಯದಿಂದ ಹೊರಟ ರೈತಪಡೆ ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡದಲ್ಲಿ ಕಂಪನಿಯ ಬಾವುಟ ಇಳಿಸಿತು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ಕೊನೆಗೆ ಕಂಪನಿ ದಂಗೆಯನ್ನು ಅಡಗಿಸಿ, ಮುಂದಾಳುಗಳನ್ನು ಗಲ್ಲಿಗೇರಿಸಿತು. ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ್ದು ಮಡಿಕೇರಿ ಕೋಟೆಯಲ್ಲಿ. ದಂಗೆಗೆ ಕಾರಣಗಳು ಹಲವು: ಕಳೆದುಕೊಂಡ ಅರಸೊತ್ತಿಗೆ, ತುಂಡಾದ ಸೀಮೆ, ಉಪ್ಪು ಹೊಗೆಸೊಪ್ಪಿನ ಮೇಲಿನ ಹಿಡಿತ. ಆದರೂ ನಗದು ಕಂದಾಯದ ಮಾತು ಬಾರದೆ ಯಾರೂ ಈ ಕಥೆ ಹೇಳುವುದಿಲ್ಲ. ತೆರಿಗೆಯ ಮೊತ್ತಕ್ಕಿಂತ ಅದರ ರೂಪ ಜನರನ್ನು ಹೆಚ್ಚು ಕೆರಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ನಮಗೆ ಬೇಡ.

ಒಂದು ಕಾಗದದ ಮಾತು

ತೆರಿಗೆ ಕುರಿತ ಹಳೆಯ ಅರ್ಥಶಾಸ್ತ್ರದಲ್ಲಿ ಮನುಷ್ಯ ಜೂಜುಕೋರ. ಸಿಕ್ಕಿಬೀಳುವ ಸಾಧ್ಯತೆ ಎಷ್ಟು, ಬಿದ್ದರೆ ದಂಡ ಎಷ್ಟು ಎಂದು ಗುಣಿಸಿ ನೋಡಿ, ಕಟ್ಟಬೇಕೋ ಬೇಡವೋ ತೀರ್ಮಾನಿಸುತ್ತಾನೆ. 1972ರಲ್ಲಿ ಅಲಿಂಗ್‌ಹ್ಯಾಮ್ ಮತ್ತು ಸ್ಯಾಂಡ್ಮೊ ಇದನ್ನು ಗಣಿತದಲ್ಲಿ ಬರೆದರು. ಆ ಲೆಕ್ಕವನ್ನೇ ನಂಬಿದರೆ ನಮ್ಮ ಊರಿನಲ್ಲಿ ಯಾರೂ ಮನೆ ಕಂದಾಯ ಕಟ್ಟಬಾರದು. ಬಾಕಿ ಇಟ್ಟ ಮನೆಗೆ ಬೀಗ ಜಡಿದದ್ದನ್ನು ನಾನು ಕಂಡಿಲ್ಲ. ಆದರೂ ಬಹಳ ಜನ ಕಟ್ಟುತ್ತಾರೆ. ಏಕೆ?

ಈ 'ಏಕೆ'ಯ ಹಿಂದೆ ಬಿದ್ದವರು ಪ್ರಯೋಗಗಳಿಗೆ ಇಳಿದರು. ಬ್ರಿಟನ್ 2010ರಲ್ಲಿ ಇದಕ್ಕೆಂದೇ ಒಂದು ತಂಡ ಕಟ್ಟಿತು. ಅಲ್ಲಿನ ತೆರಿಗೆ ಇಲಾಖೆ ಬಾಕಿದಾರರಿಗೆ ಕಳಿಸುವ ಜ್ಞಾಪನ ಪತ್ರದಲ್ಲಿ ಒಂದೊಂದು ಗುಂಪಿಗೆ ಒಂದೊಂದು ವಾಕ್ಯ ಸೇರಿಸಿ ನೋಡಿತು. ಹತ್ತರಲ್ಲಿ ಒಂಬತ್ತು ಜನ ಸಕಾಲಕ್ಕೆ ತೆರಿಗೆ ಕಟ್ಟುತ್ತಾರೆ, ಕಟ್ಟದ ಕೆಲವೇ ಮಂದಿಯಲ್ಲಿ ನೀವೂ ಒಬ್ಬರು ಎಂಬ ಅರ್ಥದ ವಾಕ್ಯ ಚೆನ್ನಾಗಿ ಕೆಲಸ ಮಾಡಿತು. ಕಾಗದದ ಖರ್ಚು ಮೊದಲಿನಷ್ಟೇ, ಬಂದ ದುಡ್ಡು ಹೆಚ್ಚು.

ಇದನ್ನು ನೋಡಿ ನಮ್ಮೂರಿನ ಯಾವ ಅಜ್ಜಿಯೂ ಬೆರಗಾಗುವುದಿಲ್ಲ. ದೇವಸ್ಥಾನದ ಜಾತ್ರೆಗೆ ವಂತಿಗೆ ಎತ್ತುವವರು ಮೊದಲು ಊರಿನ ನಾಲ್ಕು ಮಾನಸ್ಥರ ಹೆಸರು ಬರೆಸಿಕೊಂಡು, ಆ ಪಟ್ಟಿ ಹಿಡಿದುಕೊಂಡೇ ಉಳಿದ ಮನೆಗಳಿಗೆ ಹೋಗುತ್ತಾರೆ. ಪಟ್ಟಿಯ ಮೇಲೆ ಕಣ್ಣಾಡಿಸಿದವರು ಅದಕ್ಕೆ ತಕ್ಕಂತೆ ಬರೆಯುತ್ತಾರೆ.

ನಮ್ಮ ಸ್ಥಳೀಯ ಸಂಸ್ಥೆಗಳು ಮಾಡುವುದು ಇದರ ತದ್ವಿರುದ್ಧ. ಅರ್ಧಕ್ಕರ್ಧ ತೆರಿಗೆ ಬಾಕಿ, ಕೋಟಿಗಟ್ಟಲೆ ವಸೂಲಾಗಿಲ್ಲ ಎಂದು ಪತ್ರಿಕೆಗಳಿಗೆ ಹೇಳಿಕೆ ಕೊಡುತ್ತವೆ. ಹೇಳುವವರ ಉದ್ದೇಶ ನಾಚಿಕೆ ಹುಟ್ಟಿಸುವುದು. ಓದುವವನ ಮನಸ್ಸಿಗೆ ಹೋಗುವ ಸಂದೇಶ ಬೇರೆ: ಓಹೋ, ಯಾರೂ ಕಟ್ಟಿಲ್ಲ, ನಾನೊಬ್ಬ ಯಾಕೆ ಅವಸರ ಮಾಡಲಿ? ಬ್ರಿಟನ್ನಿನ ವಾಕ್ಯ ಗೆದ್ದದ್ದು ಅದು ನಿಜವಾಗಿದ್ದರಿಂದ. ಹತ್ತರಲ್ಲಿ ಐವರು ಮಾತ್ರ ಕಟ್ಟುವ ಊರಿನಲ್ಲಿ ಅದೇ ವಾಕ್ಯವನ್ನು ನಕಲು ಹೊಡೆಯಲು ಬರುವುದಿಲ್ಲ. ಅಲ್ಲಿ ಕಳೆದ ವರ್ಷ ಈ ಕಂದಾಯದಲ್ಲಿ ಯಾವ ಬೀದಿಗೆ ದೀಪ ಹಾಕಿದೆವು, ಯಾವ ಕೇರಿಗೆ ನೀರಿನ ಪೈಪು ಎಳೆದೆವು ಎಂದು ಹೇಳಬೇಕಾಗುತ್ತದೆ.

ಮಾತಿಗೂ ಮಿತಿಯಿದೆ. ಅಮೆರಿಕದ ಮಿನೆಸೋಟದಲ್ಲಿ 1995ರಲ್ಲಿ ನಡೆದ ಪ್ರಯೋಗದಲ್ಲಿ ಬರಿಯ ನೀತಿಬೋಧೆಯ ಪತ್ರಗಳಿಂದ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ನಿಮ್ಮ ಲೆಕ್ಕವನ್ನು ಸೂಕ್ಷ್ಮವಾಗಿ ಪರಿಶೀಲಿಸುತ್ತೇವೆ ಎಂಬ ಪತ್ರ ಸಾಮಾನ್ಯ ಆದಾಯದವರನ್ನು ಎಚ್ಚರಿಸಿತಾದರೂ ದೊಡ್ಡ ಆದಾಯದವರ ಮೇಲೆ ಅದರ ಆಟ ನಡೆಯಲಿಲ್ಲ. ಡೆನ್ಮಾರ್ಕಿನ ದೊಡ್ಡ ಅಧ್ಯಯನವೊಂದು 2011ರಲ್ಲಿ ಇನ್ನೂ ಸರಳ ಸತ್ಯ ಹೇಳಿತು: ಸಂಬಳ, ಬಡ್ಡಿಗಳ ಹಾಗೆ ಮೂರನೆಯವರು ನೇರವಾಗಿ ಇಲಾಖೆಗೆ ತಿಳಿಸುವ ಆದಾಯದಲ್ಲಿ ಕಳ್ಳತನ ಹೆಚ್ಚುಕಡಿಮೆ ಇಲ್ಲ, ತಾನೇ ಬರೆದು ಹೇಳಬೇಕಾದ ಆದಾಯದಲ್ಲಿ ಧಾರಾಳವಾಗಿದೆ. ಅಂದರೆ ಸಂಬಳದಾರ ಸತ್ಯವಂತನೂ ಅಂಗಡಿಯವ ಸುಳ್ಳನೂ ಎಂದಲ್ಲ. ಒಬ್ಬನಿಗೆ ಬಚ್ಚಿಡುವ ಅವಕಾಶವಿಲ್ಲ, ಇನ್ನೊಬ್ಬನಿಗಿದೆ.

ಕ್ಯೂಆರ್ ಕೋಡ್ ಕಿತ್ತ ದಿನಗಳು

ಮೂರನೆಯವರ ಮಾಹಿತಿ ಎಂಬ ಈ ಅಸ್ತ್ರ ಕರ್ನಾಟಕದ ಕೈಯಲ್ಲಿ ಹೇಗೆ ತಿರುಗಿಬಿತ್ತು ಎಂಬುದನ್ನು ನಾವು 2025ರ ಜುಲೈಯಲ್ಲಿ ನೋಡಿದೆವು. ಯುಪಿಐ ಮೂಲಕ ಬಂದ ಹಣದ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿ, ಹಾಲಿನ ಬೂತು ಯಾವುದೂ ಹೊರತಾಗಲಿಲ್ಲ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಕಾನೂನಿನ ಪ್ರಕಾರ ಇಲಾಖೆ ಕೇಳಿದ್ದರಲ್ಲಿ ಹುರುಳಿತ್ತು. ಕೇಳಿದ ರೀತಿಯಲ್ಲಿ ಎಡವಟ್ಟಾಯಿತು.

ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷದ ನೋಟಿಸ್ ಬಂದ ಸುದ್ದಿ ರಾಜ್ಯವಿಡೀ ಹಬ್ಬಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಉತ್ತರ ಕೊಟ್ಟರೆ ಕೈಬಿಡಬಹುದಾದ ನೋಟಿಸ್ ಅದು. ಆದರೆ ಕಾಗದ ಕೈಗೆ ಬಂದಾಗ ಕಣ್ಣಿಗೆ ಬೀಳುವುದು 29 ಲಕ್ಷ ಎಂಬ ಅಂಕಿ, ಅದರ ಕೆಳಗಿನ ಕಲಮುಗಳಲ್ಲ. ಮನಸ್ಸು ಮೊದಲು ಕಂಡ ಅಂಕಿಗೆ ಗಂಟು ಬೀಳುತ್ತದೆ. ಆಮೇಲಿನ ಸಮಜಾಯಿಷಿ ಯಾವುದೂ ಆ ಗಂಟನ್ನು ಬಿಚ್ಚುವುದಿಲ್ಲ.

ವಾರ ಕಳೆಯುವುದರೊಳಗೆ ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ 'ನಗದು ಮಾತ್ರ' ಬೋರ್ಡು ಬಂತು. ಹಾಲು ಮಾರಾಟ ನಿಲ್ಲಿಸುವ, ಜುಲೈ 25ಕ್ಕೆ ಅಂಗಡಿ ಮುಚ್ಚುವ ಮಾತು ಬಂತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದ ಮೇಲೆ ಬಿಸಿ ತಣಿಯಿತು. ಅದೇ ಹೊತ್ತಿಗೆ ಇಲಾಖೆ 'ಜಿಎಸ್‌ಟಿ ತಿಳಿಯಿರಿ' ಎಂಬ ಅಭಿಯಾನಕ್ಕೂ ಇಳಿಯಿತು. ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗೆ.

ಈ ನೋಟಿಸಿಗೆ ಸಿಕ್ಕಿಬಿದ್ದವರು ಯಾರು? ಬಚ್ಚಿಡದವರು. ಬ್ಯಾಂಕಿನ ಖಾತೆಗೇ ದುಡ್ಡು ಹಾಕಿಸಿಕೊಂಡವರು. ಪಕ್ಕದ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯಲ್ಲೇ ವ್ಯವಹಾರ ಮುಗಿಸಿದವನಿಗೆ ಯಾವ ಕಾಗದವೂ ಬರಲಿಲ್ಲ. ಇದರಿಂದ ವ್ಯಾಪಾರಿ ಕಲಿತ ಪಾಠ 'ತೆರಿಗೆ ಕಟ್ಟು' ಎಂದಲ್ಲ, 'ಕಣ್ಣಿಗೆ ಬೀಳಬೇಡ' ಎಂದು.

ಇದೇ ಮಾಹಿತಿಯನ್ನು ನಾಲ್ಕು ವರ್ಷ ಕಾಯದೆ ಆ ವರ್ಷವೇ ಬಳಸಬಹುದಿತ್ತು. ವಹಿವಾಟು ಮೂವತ್ತು ಲಕ್ಷ ಮುಟ್ಟಿದಾಗ ವ್ಯಾಪಾರಿಯ ಮೊಬೈಲಿಗೆ ನಾಲ್ಕು ಸಾಲಿನ ಕನ್ನಡದ ಸಂದೇಶ ಬಂದಿದ್ದರೆ ಸಾಕಿತ್ತು: ನಿಮ್ಮ ವಹಿವಾಟು ಮಿತಿಯ ಹತ್ತಿರ ಬಂದಿದೆ, ದಾಟಿದರೆ ನೋಂದಣಿ ಬೇಕು, ಒಂದೂವರೆ ಕೋಟಿವರೆಗಿನ ವ್ಯಾಪಾರಿಗೆ ಶೇ 1ರ ರಾಜಿ ತೆರಿಗೆ ಪದ್ಧತಿ ಇದೆ, ನೀವು ಮಾರುವುದು ತರಕಾರಿ ಹಾಲು ಮಾತ್ರವಾದರೆ ತೆರಿಗೆಯೇ ಇಲ್ಲ. ಅದೇ ಇಲಾಖೆ, ಅದೇ ಕಾನೂನು, ಅದೇ ಮಾಹಿತಿ. ಏಪ್ರಿಲ್ಲಿಗೂ ಜುಲೈಗೂ ಇರುವಷ್ಟೇ ಅಂತರ.

ಕೇಂದ್ರದ ನೇರ ತೆರಿಗೆ ಮಂಡಳಿ ಈ ದಾರಿಯನ್ನು ನಡೆದು ನೋಡಿದೆ. ವಿದೇಶಗಳಲ್ಲಿ ಖಾತೆ, ಆಸ್ತಿ ಇಟ್ಟವರ ಮಾಹಿತಿ ಕೈಗೆ ಸಿಕ್ಕಿದಾಗ 2024ರ ನವೆಂಬರ್‌ನಲ್ಲಿ ಅದು ದಾಳಿಗೆ ಹೋಗದೆ ಎಸ್‌ಎಂಎಸ್, ಇಮೇಲ್ ಕಳಿಸಿ, ನಿಮ್ಮ ರಿಟರ್ನ್ ಇನ್ನೊಮ್ಮೆ ನೋಡಿಕೊಳ್ಳಿ ಎಂದಿತು. 24,678 ಮಂದಿ ನೋಡಿಕೊಂಡರು. ಬಯಲಾದ ವಿದೇಶಿ ಆಸ್ತಿ 29,208 ಕೋಟಿ ರೂಪಾಯಿ. ಲಂಡನ್ನಿನಲ್ಲಿ ಖಾತೆ ಇಟ್ಟವನಿಗೆ ಸಿಕ್ಕ ಈ ಸೌಜನ್ಯ ಹಾವೇರಿಯ ತರಕಾರಿ ಗಾಡಿಗೂ ಸಿಗಬೇಕಲ್ಲವೆ?

ಕಟ್ಟಿದವ ಕೋಡಂಗಿ

ಸರ್ಕಾರ ಜನರ ನಡತೆಯನ್ನು ಓದುತ್ತದೆ ಎಂಬುದು ಅರ್ಧ ಕಥೆ. ಜನರೂ ಸರ್ಕಾರದ ನಡತೆಯನ್ನು ಓದುತ್ತಾರೆ, ಇನ್ನೂ ಚೆನ್ನಾಗಿ.

2023ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ಉಳಿದ ಸಂಚಾರ ದಂಡದ ಮೇಲೆ ಶೇ 50 ರಿಯಾಯಿತಿ ಘೋಷಿಸಿತು. ಗಡುವು ಫೆಬ್ರುವರಿ 11. ಬೆಂಗಳೂರಿನ ಠಾಣೆಗಳ ಮುಂದೆ ಸಾಲು ನಿಂತಿತು. ಕೆಲವೇ ದಿನಗಳಲ್ಲಿ 100 ಕೋಟಿ ರೂಪಾಯಿಗೂ ಹೆಚ್ಚು ಬಂತು. ರಿಯಾಯಿತಿ ಮತ್ತು ಗಡುವು ಸೇರಿದರೆ ಮನಸ್ಸು ಹೇಗೆ ಓಡುತ್ತದೆ ಎಂಬುದಕ್ಕೆ ಒಳ್ಳೆಯ ಉದಾಹರಣೆ. ಆದರೆ ಗಡುವು ಮುಗಿದ ಮೇಲೆ ಅದೇ ರಿಯಾಯಿತಿ ಮತ್ತೆ ಬಂತು, ಮತ್ತೂ ಬಂತು; 2025ರ ಆಗಸ್ಟ್‌ನಲ್ಲಿ ಇನ್ನೊಮ್ಮೆ ಬಂತು. ಬೆಂಗಳೂರಿನ ಪಾಲಿಕೆ 2024ರಲ್ಲಿ ಆಸ್ತಿ ತೆರಿಗೆ ಬಾಕಿಗೆ ಒಂದೇ ಬಾರಿಯ ತೀರುವಳಿ ಎಂದು ತಂದ ಯೋಜನೆಯ ಗಡುವೂ ಹೀಗೆಯೇ ಮುಂದಕ್ಕೆ ಮುಂದಕ್ಕೆ ಸರಿದು ನವೆಂಬರ್ ಮುಟ್ಟಿತು.

ಮೊದಲ ಸಲದ ರಿಯಾಯಿತಿ ಕೊಡುಗೆ. ಎರಡನೆಯದು ಅಭ್ಯಾಸ. ಮೂರನೆಯದು ಹಕ್ಕು. ಈ ನಡುವೆ ದಂಡವನ್ನು ಬಿದ್ದ ದಿನವೇ ಪೂರ್ತಿ ಕಟ್ಟಿದವನ ಪಾಡು ನೋಡಿ. 'ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ' ಎಂಬ ಗಾದೆ ಹುಟ್ಟಿದ್ದು ಸಾಲದ ವ್ಯವಹಾರದಲ್ಲಿ. ತೆರಿಗೆಗೂ ಅದು ಸರಿಹೊಂದುತ್ತದೆ: ಕಟ್ಟಿದವ ಕೋಡಂಗಿ, ಕಾದವ ಈರಭದ್ರ. ಮುಂದಿನ ಸಲ ಅವನೂ ಕಾಯುತ್ತಾನೆ.

ಇದಕ್ಕೆ ಹೋಲಿಸಿದರೆ ನಮ್ಮ ಪಟ್ಟಣಗಳಲ್ಲಿ ನಡೆದು ಬಂದಿರುವ ಹಳೆಯ ಪದ್ಧತಿಯೇ ಜಾಣತನದ್ದು: ಏಪ್ರಿಲ್‌ನಲ್ಲಿ ಪೂರ್ತಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ, ಜುಲೈನಿಂದ ತಿಂಗಳಿಗೆ ಶೇ 2 ದಂಡ. ಮೊದಲು ಬಂದವನಿಗೆ ಮರ್ಯಾದೆ, ತಡಮಾಡಿದವನಿಗೆ ನಷ್ಟ. ಇದರ ಬಲವೆಲ್ಲ ಅದು ಪ್ರತಿವರ್ಷ ಹಾಗೆಯೇ ಇರುತ್ತದೆ ಎಂಬ ನಂಬಿಕೆಯಲ್ಲಿದೆ.

ಮರ್ಯಾದೆಯನ್ನು ತೆಗೆದು ವಸೂಲಿ ಮಾಡುವವರೂ ಇದ್ದಾರೆ. ಆಂಧ್ರದ ರಾಜಮಂಡ್ರಿಯ ಪಾಲಿಕೆ 2005ರಲ್ಲಿ ಬಾಕಿದಾರರ ಮನೆಮುಂದೆ ವಾದ್ಯದವರನ್ನು ನಿಲ್ಲಿಸಿ ಬಡಿಸಿತು. ದುಡ್ಡೇನೋ ಬರುತ್ತದೆ. ಆದರೆ ಪ್ರಭಾವಿಗಳ ಮನೆಮುಂದೆಯೂ ಅದೇ ತಮಟೆ ಬಾರಿಸುವ ಧೈರ್ಯವಿದ್ದರೆ ಮಾತ್ರ ಆ ಸದ್ದಿಗೆ ನ್ಯಾಯವಿದೆ. ಇದರ ಬದಲಿಗೆ ಆಸೆ ತೋರಿಸಿದ ನೆರೆಯ ಕೇರಳ, 2022ರಲ್ಲಿ ಗಿರಾಕಿ ಬಿಲ್ ಕೇಳಿ ಪಡೆದು ಆ್ಯಪ್‌ಗೆ ಹಾಕಿದರೆ ಬಹುಮಾನವೆಂಬ 'ಲಕ್ಕಿ ಬಿಲ್' ತಂದಿತು. ಅಂಗಡಿಯವನ ಲೆಕ್ಕ ಕಾಯಲು ಗಿರಾಕಿಯನ್ನೇ ಕೂರಿಸುವ ಉಪಾಯ ಇದು.

ಕ್ಯೂರಿಂಗ್ ಎಂಬ ಗೆರೆ

ಕಾಫಿ ಬೆಳೆಗಾರನ ಜಗಲಿಯಲ್ಲಿ ತೆರಿಗೆ ಮಾತು ಬಂದರೆ ಇನ್ನೊಂದು ಗೆರೆಯ ಮಾತೂ ಬರುತ್ತದೆ. ಒಣಗಿಸಿದ ಚೆರಿಯನ್ನೋ ಪಾರ್ಚ್‌ಮೆಂಟನ್ನೋ ಹಾಗೆಯೇ ಮಾರಿದರೆ ಅದು ಕೃಷಿ ಆದಾಯ. ಕೇಂದ್ರದ ಆದಾಯ ತೆರಿಗೆ ಇಲ್ಲ. ತಾನು ಬೆಳೆದದ್ದನ್ನು ಹೊಟ್ಟು ತೆಗೆಸಿ, ಅಂದರೆ ಕ್ಯೂರಿಂಗ್ ಮಾಡಿಸಿ ಮಾರಿದರೆ, ಆದಾಯ ತೆರಿಗೆ ನಿಯಮಗಳ ಪ್ರಕಾರ ಆ ಆದಾಯದಲ್ಲಿ ಶೇ 25 ವ್ಯಾಪಾರದ ಆದಾಯ. ಹುರಿದು ಪುಡಿ ಮಾಡಿ ಮಾರಿದರೆ ಶೇ 40.

ಲೆಕ್ಕಪತ್ರ ಬಲ್ಲವರು, ಅದರಲ್ಲಿ ಭಯಪಡುವುದೇನಿದೆ, ಸಣ್ಣ ತೋಟದವನಿಗೆ ವಿನಾಯಿತಿಗಳನ್ನು ಕಳೆದರೆ ತೆರಿಗೆಯೇ ಬರಲಿಕ್ಕಿಲ್ಲ ಎನ್ನುತ್ತಾರೆ. ನಿಜ. ಆದರೆ ಐದಾರು ಎಕರೆಯವನನ್ನು ತಡೆಯುವುದು ತೆರಿಗೆಯ ಮೊತ್ತವಲ್ಲ. ಲೆಕ್ಕ ಬರೆಯಬೇಕು, ರಿಟರ್ನ್ ಹಾಕಬೇಕು, ಯಾವತ್ತೋ ಒಂದು ಕಾಗದ ಬಂದರೆ ಉತ್ತರ ಹೇಳಬೇಕು ಎಂಬ ತಲೆಬಿಸಿ. ಒಂದು ಕಡೆ ಕಾಫಿಗೆ ಮೌಲ್ಯ ಸೇರಿಸಿ, ನಿಮ್ಮ ಹೆಸರಿನಲ್ಲೇ ಪುಡಿ ಮಾರಿ ಎಂಬ ಉಪದೇಶ. ಇನ್ನೊಂದು ಕಡೆ ಮೌಲ್ಯ ಸೇರಿಸಿದ ಹೆಜ್ಜೆಗೊಂದು ಗೆರೆ. ಹೆಚ್ಚಿನವರು ಗೆರೆಯ ಈಚೆಗೇ ಚೀಲ ತೂಗಿ ಕೈತೊಳೆದುಕೊಳ್ಳುತ್ತಾರೆ.

ಕಾಣುವ ಗೆರೆಗೆ ಹೆದರುವ ನಾವೇ ಕಾಣದ ತೆರಿಗೆಗೆ ಉದಾರಿಗಳು. ಅಮೆರಿಕದ ದಿನಸಿ ಅಂಗಡಿಯೊಂದರಲ್ಲಿ ಬೆಲೆಚೀಟಿಯ ಮೇಲೆ ತೆರಿಗೆಯನ್ನೂ ಸೇರಿಸಿ ಬರೆದಾಗ ಆ ಸರಕುಗಳ ಮಾರಾಟ ಸುಮಾರು ಶೇ 8 ಇಳಿಯಿತು ಎಂದು ರಾಜ್ ಚೆಟ್ಟಿ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದರು. ಜನ ಮೊದಲೂ ಆ ತೆರಿಗೆ ಕೊಡುತ್ತಲೇ ಇದ್ದರು, ಕಣ್ಣಿಗೆ ಕಂಡಿರಲಿಲ್ಲ ಅಷ್ಟೆ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿತು. ಲೀಟರಿಗೆ ಮೂರು ರೂಪಾಯಿ ಹೆಚ್ಚಾಯಿತು ಎಂದು ನಾಲ್ಕು ದಿನ ಗೊಣಗಿ ಸುಮ್ಮನಾದೆವು. ಮನೆ ಕಂದಾಯಕ್ಕೆ ನೂರು ರೂಪಾಯಿ ಏರಿಸಿದರೆ ಗ್ರಾಮಸಭೆಯಲ್ಲಿ ಕುರ್ಚಿ ಅಲ್ಲಾಡುತ್ತದೆ. ವರ್ತನೆಯ ಶಾಸ್ತ್ರ ಕಲಿತ ಸರ್ಕಾರಕ್ಕೆ ಇಲ್ಲೊಂದು ಕೆಟ್ಟ ಆಸೆಯೂ ಕಾದಿದೆ: ನೋವಾಗದ ಕಡೆ ಸೂಜಿ ಚುಚ್ಚುತ್ತಾ ಹೋಗುವುದು. ಊರಿನ ಕೆಲಸಕ್ಕೆ ಊರಿನಲ್ಲೇ ಉಳಿಯುವ ತೆರಿಗೆ ಮಾತ್ರ ಕಣ್ಣಿಗೆ ಕಾಣುವಂಥದು. ಏರಿಸಲು ಯಾರಿಗೂ ಧೈರ್ಯವಿಲ್ಲದ್ದೂ ಅದೇ.

ಎರಡು ಕಡೆಯ ಋಣ

2018–19ರ ಆರ್ಥಿಕ ಸಮೀಕ್ಷೆ ಈ ಶಾಸ್ತ್ರಕ್ಕೆ ಒಂದು ಇಡೀ ಅಧ್ಯಾಯ ಕೊಟ್ಟಿತು. ಜಿಲ್ಲೆಯಲ್ಲಿ ಅತಿಹೆಚ್ಚು ತೆರಿಗೆ ಕಟ್ಟುವವರನ್ನು ಗೌರವಿಸಿ, ರಸ್ತೆಗಳಿಗೆ ಅವರ ಹೆಸರಿಡಿ ಎಂದಿತು. ಸಾಲ ಉಳಿಸಿ ಸಾಯಬಾರದೆಂಬ ನಮ್ಮ ಧಾರ್ಮಿಕ ನಂಬಿಕೆಯನ್ನು ತೆರಿಗೆಗೂ ಹೊಂದಿಸಿ ಎಂದಿತು. ಋಣದ ಮಾತು ಕನ್ನಡದ ಕಿವಿಗೆ ಹಿತವೇ. ಅನ್ನದ ಋಣ, ಊರಿನ ಋಣ ಎಂದು ನಾವೇ ಹೇಳುತ್ತಿರುತ್ತೇವೆ. ಆದರೆ ಋಣ ಒಂದೇ ಕಡೆಯದಲ್ಲ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಸುತ್ತಲಿನ ಗುಡ್ಡಗಳು ಜರಿದವು. ಮಡಿಕೇರಿಯಿಂದ ಇಲ್ಲಿಗೆ ಬರುವ ರಸ್ತೆಯೇ ತುಂಡಾಯಿತು. ಮನೆ ಇದ್ದ ಜಾಗದಲ್ಲಿ ಕೆಂಪು ಮಣ್ಣಿನ ಇಳಿಜಾರು ಮಾತ್ರ ಉಳಿದವರು, ಅಲ್ಲಿ ಮನೆ ಇತ್ತು ಎಂದು ಕಾಗದದಲ್ಲಿ ತೋರಿಸಬೇಕಾದ ಕಾಲ ಅದು. ತಗಡಿನ ಪೆಟ್ಟಿಗೆಯಲ್ಲೋ ಅಟ್ಟದ ಮೇಲಿನ ಕೈಚೀಲದಲ್ಲೋ ಮಡಚಿಟ್ಟ ಕಂದಾಯದ ರಸೀದಿಯ ಬೆಲೆ ಆಗ ತಿಳಿಯಿತು. ಇಂಥವರ ಮನೆ, ಇಂಥ ನಂಬರು, ಇಂಥ ವರ್ಷ ಇಷ್ಟು ಸಂದಾಯವಾಗಿದೆ. ಕಟ್ಟಿದವ ತನ್ನ ಕಡೆಯ ಋಣ ತೀರಿಸಿದ್ದಕ್ಕೆ ಆ ಚೀಟಿ ಸಾಕ್ಷಿ. ಇನ್ನೊಂದು ಕಡೆಯ ಋಣ ಎಷ್ಟು ಬೇಗ, ಎಷ್ಟು ಮರ್ಯಾದೆಯಿಂದ ತೀರಿತು ಎಂಬುದನ್ನು ಊರು ನೋಡುತ್ತಿತ್ತು. ಮಾದಾಪುರದ ಪಕ್ಕದ ಜಂಬೂರಿನಲ್ಲಿ ಸಂತ್ರಸ್ತರಿಗೆ ಮನೆಗಳೆದ್ದದ್ದನ್ನೂ, ಅವು ಏಳುವವರೆಗೆ ಮಳೆಗಾಲಗಳು ಕಳೆದದ್ದನ್ನೂ ನೋಡಿತು.

ಹಿಂದಿನಿಂದಲೂ ರಸೀದಿಯನ್ನು ಕಾಪಾಡುವ ಬುದ್ಧಿ ನಮ್ಮ ಮನೆಗಳಲ್ಲಿದೆ. ದಂಡಕ್ಕೆ ಹೆದರದ ಮನುಷ್ಯ ಕಂದಾಯ ಏಕೆ ಕಟ್ಟುತ್ತಾನೆ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಹತ್ತಿರದ ಉತ್ತರ ಅದು. ಅವನು ಕಟ್ಟುತ್ತಿರುವುದು ತಾನಿಲ್ಲಿ ಇದ್ದೇನೆ ಎಂದು ಬರೆಸಿಕೊಳ್ಳಲು. ಕರವಸೂಲಿಗಾರ ಏಪ್ರಿಲ್‌ನಲ್ಲಿ ಬಂದು, ಜಗಲಿಯಲ್ಲಿ ಕೂತು, ಹೆಸರು ತಪ್ಪಿಲ್ಲದೆ ಬರೆದು ಚೀಟಿ ಹರಿದು ಕೊಟ್ಟರೆ ಅರ್ಧ ನೀತಿ ಅಲ್ಲಿಯೇ ಆಯಿತು. ಉಳಿದರ್ಧ ಜುಲೈಯಲ್ಲಿ ಗೊತ್ತಾಗುತ್ತದೆ, ಮಳೆಯಲ್ಲಿ ರಸ್ತೆ ಕಡಿದು ಫೋನು ಮಾಡಿದಾಗ ಪಂಚಾಯಿತಿಯಿಂದ ಯಾರು ಬರುತ್ತಾರೆ ಎಂಬುದರಲ್ಲಿ.